ಮೂರು ಮಿಲಿಸೆಕೆಂಡಿನ ಕೆಂಪು ದೀಪ

ನಮಸ್ಕಾರ. ನೀವು ನೋಡುತ್ತಿರುವುದು ಕ್ಯಾಲಿಫೋರ್ನಿಯಾದ ಒಂದು ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ನಾನು ಓಡಿಸಿದ ಬ್ರಾಕೆಟ್ ರೇಸಿನ ಮೊದಲ ಸುತ್ತು. ಇದರಲ್ಲಿ ಎರಡು ಕಾರುಗಳು ಅಕ್ಕಪಕ್ಕದ ನೇರ ಲೇನುಗಳಲ್ಲಿ ಓಡುತ್ತವೆ. ತಮ್ಮ ಕಾರು ಎಷ್ಟು ಸಮಯ ತೆಗೆದುಕೊಳ್ಳುತ್ತದೆಂದು ಚಾಲಕರು ಮೊದಲೇ ಘೋಷಿಸುತ್ತಾರೆ, ನಿಧಾನದ ಕಾರಿಗೆ ಆ ವ್ಯತ್ಯಾಸದಷ್ಟು ಮೊದಲೇ ಹಸಿರು ದೀಪ ಬರುತ್ತದೆ. ಕ್ರಿಸ್‌ಮಸ್ ಟ್ರೀ ಎನ್ನುವ ದೀಪದ ಕಂಬದಲ್ಲಿ ಹಳದಿ ದೀಪಗಳು ಅರ್ಧ ಸೆಕೆಂಡಿಗೊಂದರಂತೆ ಹೊತ್ತಿಕೊಳ್ಳುತ್ತವೆ. ಹಸಿರು ಬರುವ ಮೊದಲೇ ಮುಂದಿನ ಚಕ್ರ ಆರಂಭದ ಗೆರೆಯಲ್ಲಿರುವ ಸ್ಟೇಜ್ ಎಂಬ ಬೆಳಕಿನ ಕಿರಣವನ್ನು ದಾಟಿ ಹೋದರೆ ಕೆಂಪು ಬೀಳುತ್ತದೆ. ನನಗೆ ಬಿದ್ದದ್ದು ಕೆಂಪು.

ಈಗ ಟೈಮ್ ಸ್ಲಿಪ್ಪನ್ನು, ಅಂದರೆ ಓಟದ ಸಮಯಗಳನ್ನು ಮುದ್ರಿಸಿದ ಚೀಟಿಯನ್ನು, ಹತ್ತಿರದಿಂದ ನೋಡಿ. ನನ್ನ ಸಾಲಿನಲ್ಲಿ ರಿಯಾಕ್ಷನ್ -0.003 ಎಂದಿದೆ, ಅಂದರೆ ನಾನು ಕೇವಲ ಮೂರು ಮಿಲಿಸೆಕೆಂಡು ಮುಂಚೆ ಹೊರಟಿದ್ದೇನೆ. ಪಕ್ಕದ ಸಾಲಿನಲ್ಲಿ ಎದುರಾಳಿಯದು -0.041! ಅವರು ನನಗಿಂತ ಹೆಚ್ಚು ಅವಸರ ಮಾಡಿದ್ದಾರೆ, ಆದರೂ ಗೆದ್ದವರು ಅವರೇ. ನನ್ನ ಕಾರಿನ ಡೈಲ್-ಇನ್, ಅಂದರೆ ಮೊದಲೇ ಘೋಷಿಸಿದ ಸಮಯ, 15.20 ಸೆಕೆಂಡು, ಅವರದು 12.90. ಆದ್ದರಿಂದ ನನ್ನ ಹಸಿರು 2.30 ಸೆಕೆಂಡು ಮೊದಲೇ ಬರಬೇಕಿತ್ತು, ಹೀಗಾಗಿ ನಾನೇ ಮೊದಲು ತಪ್ಪಿದೆ. ಹಳೆಯ ಪದ್ಧತಿಯಂತೆ ಆ ಕ್ಷಣವೇ ನನ್ನ ರೇಸು ಮುಗಿಯಿತು. ಆಮೇಲೆ ಅವರು ಎಷ್ಟೇ ಬೇಗ ಹೊರಟರೂ ಅವರ ದೀಪ ಹಸಿರಾಗಿಯೇ ಇರುತ್ತದೆ.

ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಇಬ್ಬರೂ ತಮ್ಮ ಡೈಲ್-ಇನ್‌ಗಿಂತ ವೇಗವಾಗಿ ಓಡಿ ಬ್ರೇಕ್-ಔಟ್ ಆದಾಗ ಕಡಿಮೆ ಮೀರಿದವರನ್ನು ಗೆಲ್ಲಿಸುವ ಈ ಕ್ರೀಡೆಯಲ್ಲಿ, ಕೆಂಪು ದೀಪಕ್ಕೆ ಮಾತ್ರ ಬೇರೆ ತಕ್ಕಡಿ ಏಕಿರಬೇಕು? ಎರಡೂ ಕಾರುಗಳು ಹೊರಡುವವರೆಗೆ ತೀರ್ಪನ್ನು ತಡೆದು, ಹೆಚ್ಚು ಅವಸರಿಸಿದವರನ್ನು ಸೋಲಿಸುವ ವ್ಯವಸ್ಥೆ ಕೆಲವು ಕಡೆ ಈಗಾಗಲೇ ಬಂದಿದೆ, ಎಲ್ಲ ಕಡೆಯೂ ಬರಬೇಕು.

ಆದರೆ ಮುಂದಿನ ಜೋಡಿಯನ್ನು ಚಿತ್ರೀಕರಿಸುವಾಗ ನಿಯಮದ ಇನ್ನೊಂದು ಮುಖವನ್ನು ಕಂಡೆ. ಎಡ ಲೇನಿನವರಿಗೆ ಕೆಂಪು ಬಿತ್ತು. ಬಲಗಡೆಯವರ ಕಾರಿನ ಹಿಂಬದಿ ಜಾರಿ, ಟೈರು ನಡುಗೆರೆಯನ್ನು ದಾಟಿತು. ಸೋತಂತಿದ್ದ ಎಡಗಡೆಯವರಿಗೇ ಗೆಲುವು ದಕ್ಕಿತು, ಏಕೆಂದರೆ ಗೆರೆ ದಾಟುವುದು ಕೆಂಪು ದೀಪಕ್ಕಿಂತ ದೊಡ್ಡ ತಪ್ಪು. ಅವಸರದಿಂದ ಹೊರಟವರು ತಮ್ಮ ರೇಸನ್ನಷ್ಟೇ ಕಳೆದುಕೊಳ್ಳುತ್ತಾರೆ, ಗೆರೆ ದಾಟಿದವರು ಪಕ್ಕದವರ ಪ್ರಾಣಕ್ಕೇ ಅಪಾಯ ತರುತ್ತಾರೆ. ಮೊದಲ ತಪ್ಪಿಗಿಂತ ದೊಡ್ಡ ತಪ್ಪನ್ನೇ ಎಣಿಸುವ ಈ ಭಾಗವನ್ನು ನಾನು ಪೂರ್ತಿ ಒಪ್ಪುತ್ತೇನೆ, ನನ್ನ ದೂರು ದೀಪದ ಲೆಕ್ಕದ ಬಗ್ಗೆ ಮಾತ್ರ. ಅಷ್ಟರಲ್ಲಿ ನನ್ನ ಎದುರಾಳಿ ಎರಡನೇ ಸುತ್ತಿಗೆ ಸಾಲಿನಲ್ಲಿ ಬಂದು ನಿಂತರು, ನಾನು ಕ್ಯಾಮೆರಾವನ್ನು ಅವರ ಮುಂದಿನ ಚಕ್ರದತ್ತ ತಿರುಗಿಸಿದೆ.