ಹಿಡಿದು ಆಗಿತ್ತು

ಕೇಳುಗರಿಗೆ ನಮಸ್ಕಾರ.

ಕುಂಬಳೆ ಕಡೆಯ ಒಂದು ಕನ್ನಡ ಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ಒಮ್ಮೆ ಊರಲ್ಲಿ ಯಾರದೋ ಅಂಗಳದಲ್ಲಿ ಒಣಗಲು ಹಾಕಿದ್ದ ಅಡಿಕೆ ಕಳವಾಯಿತು. ಎರಡು ದಿನ ಕಳೆದು ಒಬ್ಬ ಹುಡುಗ ಇಂಗ್ಲಿಷಿನಲ್ಲೇ ಸುದ್ದಿ ಬರೆದು ತಂದ: 'ದಿ ಥೀಫ್ ಹ್ಯಾಡ್ ಅರೆಸ್ಟೆಡ್ ಯೆಸ್ಟರ್‌ಡೇ.'

ಓದಿ ನಗು ಬಂತು. ಇವನ ಇಂಗ್ಲಿಷಿನಲ್ಲಿ ಕಳ್ಳನೇ ಯಾರನ್ನೋ ಹಿಡಿದಿದ್ದ! ಕಳ್ಳ ಸಿಕ್ಕಿಬೀಳಬೇಕಾದರೆ ನಡುವೆ ಒಂದು 'ಬೀನ್' ಬೇಕು. ಹ್ಯಾಡ್ ಬೀನ್ ಅರೆಸ್ಟೆಡ್. ಅದನ್ನು ಸೇರಿಸಿದೆ. ಆದರೆ ಆ 'ಹ್ಯಾಡ್' ಇದೆಯಲ್ಲ, ಅದು ಅಷ್ಟು ಸುಲಭಕ್ಕೆ ಬಗ್ಗುವುದಲ್ಲ.

ತಪ್ಪು ಹುಡುಗನದ್ದಲ್ಲ. 'ನಿನ್ನೆ ಕಾಸರಗೋಡಿಗೆ ಹೋಗಿದ್ದೆ' ಎಂದು ನಾವು ಸುಮ್ನೆ ಹೇಳುತ್ತೇವೆ ಅಲ್ವಾ? ತುಳುವಿನಲ್ಲಿ 'ಪೋದಿತ್ತೆ', ಮಲಯಾಳದಲ್ಲಿ 'ಪೋಯಿರುನ್ನು'. ಮೂರರಲ್ಲೂ ಮಾತು ಅಲ್ಲಿಗೇ ಪೂರ್ತಿ. 'ನಿನ್ನೆ ಪೊಲೀಸರು ಬಂಧಿಸಿದ್ದರು' ಎಂಬುದೂ ಹಾಗೆಯೇ. ಇಂಗ್ಲಿಷಿಗೆ ಅಷ್ಟು ಸಾಲದು. ಬರೀ ನಿನ್ನೆಯ ಸುದ್ದಿಗೆ 'ವಾಸ್ ಅರೆಸ್ಟೆಡ್' ಸಾಕು. 'ಹ್ಯಾಡ್' ಬರಬೇಕಾದರೆ ಆಮೇಲೆ ನಡೆದ ಇನ್ನೊಂದು ಸಂಗತಿ ಬೇಕು, ಅದೂ ಕಳೆದುಹೋದದ್ದೇ.

1942ರ ಆಗಸ್ಟ್ 9 ನೆನಪು ಮಾಡಿಕೊಳ್ಳಿ. ಮುಂಬಯಿಯ ಗೊವಾಲಿಯಾ ಟ್ಯಾಂಕ್ ಮೈದಾನದಲ್ಲಿ ಅರುಣಾ ಆಸಫ್ ಅಲಿ ಬಾವುಟ ಹಾರಿಸಿದರು. ಅಷ್ಟು ಹೊತ್ತಿಗೆ ಗಾಂಧೀಜಿಯವರನ್ನು ಬಂಧಿಸಿ ಆಗಿತ್ತು. ಬೆಳಗಿನ ಜಾವವೇ ಪೊಲೀಸರು ಬಂದಿದ್ದರು. ಬಾವುಟಕ್ಕೆ 'ಹಾಯ್ಸ್ಟೆಡ್', ಬಂಧನಕ್ಕೆ 'ಹ್ಯಾಡ್ ಬೀನ್ ಅರೆಸ್ಟೆಡ್'.

'ಬಂಧಿಸಿ ಆಗಿತ್ತು' ಅಂದೆನಲ್ಲ, ಅದೇ ನನ್ನ ಉಪಾಯ. 'ನೆಂಟರು ಬರುವಾಗ ನಮ್ಮದು ಊಟ ಮಾಡಿ ಆಗಿತ್ತು' ಎಂದು ನಮ್ಮ ಕಡೆ ದಿನಾ ಹೇಳುವ ಮಾತು. ವಾಕ್ಯಕ್ಕೆ 'ಆಗಿತ್ತು' ಹಚ್ಚಿ ನೋಡಿ. ಒಪ್ಪಿದರೆ 'ಹ್ಯಾಡ್' ಹಾಕಿ. 'ನಿನ್ನೆ ಹಿಡಿದು ಆಗಿತ್ತು' ಅಂದರೆ ಕೇಳುವವರು 'ಯಾವುದಕ್ಕೆ ಮೊದಲು?' ಅನ್ನುತ್ತಾರೆ. ಅಲ್ಲಿ 'ಹ್ಯಾಡ್' ಬೇಡ. 'ಬಿಫೋರ್', 'ಆಫ್ಟರ್' ಇದ್ದರೆ ಹಿಂದುಮುಂದು ಅದರಲ್ಲೇ ಗೊತ್ತಾಗುತ್ತದೆ, 'ಹ್ಯಾಡ್' ಬಿಟ್ಟರೂ ನಡೆಯುತ್ತದೆ. ವ್ಯಾಕರಣ ಪುಸ್ತಕಗಳು ಇದನ್ನು ಸ್ವಲ್ಪ ಜಾಸ್ತಿಯೇ ಎಳೆಯುತ್ತವೆ.

ಇಷ್ಟು ಹೇಳಿ ಆ ಹುಡುಗನಿಗೆ, 'ಈಗ ನಿನ್ನ ಕಳ್ಳನ ಮೇಲೆ ಸರಿಯಾದ ಒಂದು ವಾಕ್ಯ ಹೇಳು' ಅಂದೆ. ಅವನು ತಲೆ ಕೆರೆದುಕೊಂಡು ಮೊದಲು ಕನ್ನಡದಲ್ಲಿ ಹೇಳಿದ:

'ಪೊಲೀಸರು ಹಿಡಿಯುವಾಗ ಅಡಿಕೆ ಮಾರಿ ಆಗಿತ್ತು ಮಾಸ್ಟ್ರೇ.'