ಬಾಟಲಿಯ ಆಹಾರ, ಹನಿ ಎದೆಹಾಲು

ಕೇಳುಗರಿಗೆ ನಮಸ್ಕಾರ. ದಾವಣಗೆರೆಯಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಹೊರಗೆ ಜಗಳೂರು ಕಡೆಯ ಬಾಣಂತಿಯೊಬ್ಬರು ನನ್ನನ್ನು ಕೇಳಿದರು: “ಮೇಡಂ, ಮಗುವಿಗೆ ಡ್ರಿಪ್ ಬಾಟಲಿಯಲ್ಲೇ ಆಹಾರ ಹೋಗುತ್ತಿದೆಯಲ್ಲ, ನನ್ನ ಹಾಲು ಯಾಕೆ ಬೇಕು?” ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ದಿನ ತುಂಬದೆ ಹುಟ್ಟಿದ ಕೂಸಿನ ಕರುಳು ಪೂರ್ತಿ ಹಾಲನ್ನು ಅರಗಿಸಿಕೊಳ್ಳಲಾರದು. ಕೆಲವು ಮಕ್ಕಳಿಗೆ ಕರುಳಿನ ಶಸ್ತ್ರಚಿಕಿತ್ಸೆಯೇ ಆಗಿರುತ್ತದೆ. ಆಗ ಸಕ್ಕರೆ, ಅಮೈನೋ ಆಮ್ಲ, ಕೊಬ್ಬು, ಲವಣ, ವಿಟಮಿನ್‌ಗಳನ್ನು ಈ ಬಾಟಲಿಯಿಂದ ರಕ್ತನಾಳದ ಮೂಲಕ ಕೊಡುತ್ತೇವೆ. ಹೀಗೂ ಮಗು ಬೆಳೆಯಬಲ್ಲದೆಂದು 1960ರ ದಶಕದ ಕೊನೆಯಲ್ಲಿ ಫಿಲಡೆಲ್ಫಿಯಾದ ವೈದ್ಯ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಎಷ್ಟು ಜೀವಗಳನ್ನು ಉಳಿಸಿದ ಚಿಕಿತ್ಸೆ ಇದು!

ಆದರೆ ವಾರಗಟ್ಟಲೆ ಸಾಗಿದರೆ ಲಿವರ್ ಬಳಲುತ್ತದೆ. ಹೊಟ್ಟೆಗೆ ಏನೂ ಇಳಿಯದಿದ್ದಾಗ ಪಿತ್ತರಸವನ್ನು ಹರಿಸುವ ಹಾರ್ಮೋನುಗಳು ಕರುಳಿನಲ್ಲಿ ಸರಿಯಾಗಿ ಹುಟ್ಟುವುದಿಲ್ಲ. ನೀರು ನಿಂತ ನಾಲೆಯಲ್ಲಿ ಹೂಳು ಕೂರುವ ಹಾಗೆ ಪಿತ್ತ ಲಿವರಿನಲ್ಲೇ ಕಟ್ಟಿಕೊಳ್ಳುತ್ತದೆ. ರಕ್ತಕ್ಕೆ ನಂಜು ತಗುಲಿದರೆ ಇನ್ನೂ ಕಷ್ಟ. ಸೋಯಾ ಎಣ್ಣೆಯ ಕೊಬ್ಬಿನ ದ್ರವದಲ್ಲಿರುವ ಸಸ್ಯ ಸ್ಟೆರಾಲ್‌ ಎಂಬ ಕೊಬ್ಬಿನಂಥ ವಸ್ತುಗಳೂ ಪಿತ್ತದ ಹರಿವನ್ನು ತಡೆಯುತ್ತವೆ. ಹಾಗಾಗಿ ಅದರ ಪ್ರಮಾಣವನ್ನು ಇಳಿಸುವುದುಂಟು. ಈ ತೊಂದರೆಯಿರುವ ಮಕ್ಕಳಿಗೆಂದೇ ಮೀನೆಣ್ಣೆಯ ದ್ರವಕ್ಕೆ 2018ರಲ್ಲಿ ಅಮೆರಿಕ ಅನುಮತಿ ನೀಡಿತು.

ಇಷ್ಟೆಲ್ಲದರ ನಡುವೆ ತಾಯಿಯ ಕೈಯಲ್ಲಿರುವುದು ಎದೆಹಾಲು. ಕರುಳು ತಡೆದುಕೊಳ್ಳುತ್ತದೆಂದು ವೈದ್ಯರಿಗೆ ಅನಿಸಿದ ಕೂಡಲೇ ನಳಿಕೆಯಲ್ಲಿ ಒಂದು ಮಿಲಿಲೀಟರ್‌ನಷ್ಟು ಹಾಲನ್ನಾದರೂ ಕೊಡುತ್ತಾರೆ. ಅದರಿಂದ ಹೊಟ್ಟೆ ತುಂಬುವುದಿಲ್ಲ, ಕರುಳು ಎಚ್ಚರವಾಗುತ್ತದೆ. ಆ ದಿನ ಬರುವವರೆಗೆ ಎದೆ ಬತ್ತಬಾರದು. ಅದಕ್ಕೇ, ಅಮ್ಮಂದಿರೇ, ರಾತ್ರಿಯೂ ಸೇರಿದಂತೆ ದಿನಕ್ಕೆ ಎಂಟು ಬಾರಿಯಾದರೂ ಹಾಲನ್ನು ಹಿಂಡಿ ತೆಗೆಯಿರಿ. ಬಾಣಂತಿಯನ್ನು ನೋಡಿಕೊಳ್ಳುವ ಅತ್ತೆಯವರೇ, ಅವರಿಗೆ ಹೊತ್ತಿಗೆ ಸರಿಯಾಗಿ ಊಟ ಕೊಡಿ, “ನಾಲ್ಕು ಹನಿಗೆ ಇಷ್ಟು ಪಾಡೇ” ಎನ್ನಬೇಡಿ.

ಇನ್ನೊಂದು ಮಾತು. ಮಲಕ್ಕೆ ಹಳದಿ ಬಣ್ಣ ಬರುವುದು ಕರುಳಿಗೆ ಹರಿದ ಪಿತ್ತದಿಂದ, ಹಾಗಾಗಿ ಮಗು ಮನೆಗೆ ಬಂದ ಮೇಲೂ ಮಲದ ಬಣ್ಣವನ್ನು ನೋಡುತ್ತಿರಿ. ಮಲ ಸುಣ್ಣದಂತೆ ಬಿಳಿಚಿದರೆ, ಮೂತ್ರ ಬಟ್ಟೆಗೆ ಗಾಢ ಹಳದಿ ಕಲೆ ಹಿಡಿಸಿದರೆ, ಹುಟ್ಟಿ 14 ದಿನ ಕಳೆದರೂ ಕಾಮಾಲೆ ಇಳಿಯದಿದ್ದರೆ ಎಳೆಬಿಸಿಲಿಗೆ ಹಿಡಿಯುತ್ತಾ ಕಾಯಬೇಡಿ. ಈ ಕಾಮಾಲೆ ಬಿಸಿಲಿಗೆ ಬಗ್ಗದು. ಎಲ್ಲವನ್ನೂ ಬಾಟಲಿಯ ತಲೆಗೆ ಕಟ್ಟಲೂಬಾರದು: ಹುಟ್ಟಿನಿಂದಲೇ ಪಿತ್ತನಾಳ ಮುಚ್ಚಿರಬಹುದು, ಅದಕ್ಕೆ ಹುಟ್ಟಿದ 60 ದಿನಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಫಲ ಹೆಚ್ಚು.

ಬಾಯಿಯ ಆಹಾರ ಹೊಂದಿಕೊಂಡು ಬಾಟಲಿ ನಿಂತರೆ ಬಹುಪಾಲು ಮಕ್ಕಳ ಲಿವರ್ ಚೇತರಿಸಿಕೊಳ್ಳುತ್ತದೆ. ಜಗಳೂರಿನ ಆ ತಾಯಿ ಒಂದು ಬೆಳಿಗ್ಗೆ ಮಗುವಿನ ಬಟ್ಟೆಯನ್ನು ಹಿಡಿದು ನನ್ನ ಬಳಿ ಬಂದರು. ಅದರಲ್ಲಿದ್ದ ಹಳದಿ ಮಲವನ್ನು ನಾವಿಬ್ಬರೂ ಬಹಳ ಹೊತ್ತು ನೋಡುತ್ತಾ ನಿಂತೆವು.