ಏಳು ಹಾಡಿಗೆ ಕರೆಂಟ್ ಬೇಡ: ಕಲಬುರಗಿಯಲ್ಲಿ ನನ್ನ ಎರಡನೆಯ ಆಲ್ಬಮ್

ನಮಸ್ಕಾರ. ನನ್ನ ಎರಡನೆಯ ಆಲ್ಬಮ್ ಮುಗಿದಿದೆ. ಒಟ್ಟು ಒಂಬತ್ತು ಹಾಡು, ಎಲ್ಲವೂ ನಾನೇ ಬರೆದು ರಾಗ ಹಾಕಿದವು. ಅವುಗಳಲ್ಲಿ ಏಳನ್ನು ಕರೆಂಟ್ ಹೋದ ಮನೆಯಲ್ಲಿ ಕುಳಿತೂ ಹಾಡಬಹುದು. ಅಕೌಸ್ಟಿಕ್ ಗಿಟಾರ್, ಏಕತಾರಿ, ದಮ್ಮಡಿ ಎಂಬ ಚರ್ಮದ ವಾದ್ಯ, ಅಲ್ಲೊಂದು ಇಲ್ಲೊಂದು ಕಡೆ ಹಾರ್ಮೋನಿಯಂ, ಮತ್ತು ನನ್ನ ದನಿ. ಅಷ್ಟೇ. ಉಳಿದೆರಡು ಹಾಡುಗಳ ದಾರಿ ಬೇರೆ. ಅವುಗಳಲ್ಲಿ ಒಂದರ ಕಥೆಯನ್ನು ಕೊನೆಗೆ ಹೇಳುತ್ತೇನೆ, ನಿಂತು ಕೇಳಿ.

ಮೊದಲ ಆಲ್ಬಮಿನಲ್ಲಿ ಕೀಬೋರ್ಡ್ ಇತ್ತು, ಕಂಪ್ಯೂಟರಿನಲ್ಲಿ ಕಟ್ಟಿದ ಡ್ರಮ್ ಇತ್ತು, ಒಂದರ ಮೇಲೊಂದು ದನಿಗಳಿದ್ದವು. ಆ ಹಾಡುಗಳು ಕುಣಿಯಲು ಹುಟ್ಟಿದವು, ಅವುಗಳಿಗೆ ಅದು ಬೇಕಿತ್ತು. ಈ ಸಲ ಬಂದ ಹಾಡುಗಳಲ್ಲಿ ಮಾತು ಹೆಚ್ಚು. ತೊಗರಿ ಹೊಲ, ಪುಣೆಗೆ ದುಡಿಯಲು ಹೋದವರು, ಬೇಸಿಗೆಯ ಬಾವಿ, ಅವ್ವ. ಇಂಥ ಹಾಡಿನಲ್ಲಿ ಒಂದು ಮಾತು ಕೇಳಿಸದೆ ಹೋದರೆ ಹಾಡೇ ಹೋದಂತೆ. ಹಾಗಾಗಿ ಮಾತು ಮುಂದೆ, ವಾದ್ಯ ಅದರ ಹಿಂದೆ ಎಂದು ಮೊದಲೇ ಕಟ್ಟುನಿಟ್ಟು ಮಾಡಿಕೊಂಡೆ.

ಈ ಕಟ್ಟುನಿಟ್ಟು ನನ್ನದೇನಲ್ಲ. ನಮ್ಮ ನಾಡಿನ ತತ್ವಪದಕಾರರದು, ಅಂದರೆ ಅನುಭಾವದ ಪದ ಕಟ್ಟಿ ಹಾಡಿದವರದು. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಜಿಲ್ಲೆಯ ಕಡಕೋಳದಲ್ಲಿ ಮಡಿವಾಳಪ್ಪನವರು ಪದ ಕಟ್ಟಿದರು. ಅವರ ಶಿಷ್ಯರಲ್ಲಿ ಚೆನ್ನೂರಿನ ಜಲಾಲ ಸಾಹೇಬರೂ ಒಬ್ಬರು. ಮಠ ಯಾವುದು, ಮಸೀದಿ ಯಾವುದು ಎಂದು ನೋಡದೆ ಪದಗಳು ಊರಿಂದ ಊರಿಗೆ ಬಾಯಿಂದ ಬಾಯಿಗೆ ಹೋದವು. ಅಮಾವಾಸ್ಯೆಯ ಭಜನೆಗೆ ಇಂದಿಗೂ ಹೋಗಿ ನೋಡಿ: ಒಂದು ತಂತಿ, ಒಂದು ಚರ್ಮದ ವಾದ್ಯ, ಒಂದು ಜೋಡಿ ತಾಳ, ಇಷ್ಟರಲ್ಲಿ ಇಡೀ ರಾತ್ರಿ ತುಂಬುತ್ತದೆ. ಯಾರೂ ಏನೋ ಕಡಿಮೆಯಾಯಿತು ಎಂದು ಎದ್ದು ಹೋಗುವುದಿಲ್ಲ. ಹಾಡುವವರು ಒಂದೇ ಸಾಲನ್ನು ಮತ್ತೆ ಮತ್ತೆ ತಿರುವುತ್ತಾರೆ, ಅರ್ಥ ಇಳಿಯುವ ತನಕ ಬಿಡುವುದಿಲ್ಲ.

ಈ ಆಲ್ಬಮಿನಲ್ಲಿ ಏಕತಾರಿ ಮತ್ತು ದಮ್ಮಡಿ ನುಡಿಸಿದವರು ಜೇವರ್ಗಿ ಕಡೆಯ ಹಿರಿಯರೊಬ್ಬರು. ನಾನು ಅವರನ್ನು ಕಾಕಾ ಎಂದು ಕರೆಯುತ್ತೇನೆ. ತಮ್ಮ ಹೆಸರು ವಿಡಿಯೊದಲ್ಲಿ ಬೇಡ ಎಂದಿದ್ದಾರೆ, ಆದ್ದರಿಂದ ನಿಮಗೆ ಕಾಣುತ್ತಿರುವುದು ಅವರ ಕೈಗಳಷ್ಟೇ. ನನ್ನ ಗಿಟಾರನ್ನು ತಿರುಗಿಸಿ ಮುರುಗಿಸಿ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಾತು ಒಂದೇ ಇರುವಾಗ ತಂತಿ ಆರು ಯಾಕವ್ವಾ?"

ನಾನು ಉತ್ತರ ಕೊಡುವ ಬದಲು ತಂತಿಗಳನ್ನು ಇಳಿಸಿ ತೋರಿಸಿದೆ. ಗಿಟಾರ್ ನುಡಿಸುವವರು ಈಗ ಸ್ವಲ್ಪ ಹತ್ತಿರ ಬನ್ನಿ. ಒಂದನೆಯ, ಎರಡನೆಯ ಮತ್ತು ಆರನೆಯ ತಂತಿಗಳನ್ನು ಒಂದೊಂದು ಪೂರ್ತಿ ಸ್ವರ ಇಳಿಸಿದರೆ ದಪ್ಪ ತಂತಿಯಿಂದ ಎಣಿಸಿದಾಗ ಡಿ, ಎ, ಡಿ, ಜಿ, ಎ, ಡಿ ಸಿಗುತ್ತದೆ. ಡಿ ಸ್ವರವನ್ನು ಷಡ್ಜ, ಅಂದರೆ ಸ, ಎಂದುಕೊಳ್ಳಿ. ಆಗ ಆರೂ ತಂತಿಗಳು ಸ, ಪ, ಸ, ಮ, ಪ, ಸ. ಗಾಂಧಾರ, ಅಂದರೆ ಗ, ಎಲ್ಲಿಯೂ ಇಲ್ಲ. ಸಾಮಾನ್ಯ ಶ್ರುತಿಯ ಗಿಟಾರಿನಲ್ಲಿ ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದ ಕೂಡಲೇ ಅದರೊಳಗಿನ ಗಾಂಧಾರ ಅದು ಮೇಜರ್ ಅಥವಾ ಮೈನರ್ ಎಂದು ತೀರ್ಮಾನ ಮಾಡಿಬಿಡುತ್ತದೆ. ಇಲ್ಲಿ ಆ ತೀರ್ಮಾನ ಹಾಡುವವರ ಗಂಟಲಿಗೆ ಸೇರಿದ್ದು. ತಗ್ಗಿನ ಕೋಮಲ ಗಾಂಧಾರ ಹಿಡಿಯಲಿ, ಅದರ ಮೇಲಿನ ಶುದ್ಧ ಗಾಂಧಾರ ಹಿಡಿಯಲಿ, ಜೋಗ್ ರಾಗದ ಹಾಗೆ ಎರಡನ್ನೂ ಹಿಡಿಯಲಿ, ತಂತಿ ಅಡ್ಡ ಬರುವುದಿಲ್ಲ. ತೊಗರಿ ಹಾಡಿನ ಪಲ್ಲವಿಯಲ್ಲಿ ನಾನು ಶುದ್ಧದಿಂದ ಕೋಮಲಕ್ಕೆ ಇಳಿಯುತ್ತೇನೆ: "ಬೇರು ಇಳಿದಷ್ಟು ಆಳಕ್ಕೆ ನಮ್ಮ ಮಾತೂ ಇಳಿಯಲಿ." ಆ ಕೊನೆಯ "ಇಳಿಯಲಿ"ಯಲ್ಲಿ ಕಾಕಾ ಏಕತಾರಿಯನ್ನು ನಿಲ್ಲಿಸಲಿಲ್ಲ, ಗಿಟಾರನ್ನು ನಾನು ನಿಲ್ಲಿಸಿದೆ. ಅವರು ತಲೆಯಾಡಿಸಿದರು. ನನಗೆ ಅಷ್ಟು ಸಾಕಾಗಿತ್ತು.

ಈಗ ಕೋಣೆಯ ವಿಷಯ. ನಮ್ಮದು ಹಳೆಯ ಮನೆ. ನೆಲಕ್ಕೆ ಶಹಾಬಾದ್ ಪರಸಿ, ಗೋಡೆಯೂ ಕಲ್ಲಿನದೇ. ಎದುರುಬದುರು ಗಟ್ಟಿ ಗೋಡೆಗಳಿದ್ದರೆ ಸದ್ದು ಅವುಗಳ ನಡುವೆ ಓಡಾಡುತ್ತದೆ. ಚಪ್ಪಾಳೆ ತಟ್ಟಿದರೆ "ಟರ್ರ್" ಎಂದು ಬಾಲ ಬೆಳೆಯುತ್ತದೆ. ಅದಕ್ಕೆ ಎರಡು ಗೋಡೆಗೆ ಅಜ್ಜಿಯ ಕೌದಿಗಳನ್ನು ತೂಗುಹಾಕಿದೆವು, ಮೂಲೆಗಳಲ್ಲಿ ಹತ್ತಿಯ ಗಾದಿಗಳನ್ನು ಸುತ್ತಿ ನಿಲ್ಲಿಸಿದೆವು. ಹತ್ತಿ ಸದ್ದನ್ನು ಚೆನ್ನಾಗಿ ಹೀರುತ್ತದೆ. ನೆಲವನ್ನು ಮಾತ್ರ ಬೇಕೆಂದೇ ಬರಿದಾಗಿ ಬಿಟ್ಟೆ. ಪರಸಿಯಿಂದ ಪುಟಿದು ಬರುವ ಆ ಹೊಳಪು ಗಿಟಾರಿಗೆ ಬೇಕು. ಮೈಕನ್ನು ಹನ್ನೆರಡನೆಯ ಫ್ರೆಟ್ಟಿನ (ಗಿಟಾರಿನ ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಎದುರು ಒಂದು ಗೇಣು ದೂರದಲ್ಲಿಟ್ಟೆ. ಗಿಟಾರಿನ ತೂತಿನ ಎದುರಿಗೇ ಇಟ್ಟರೆ ಗುಂಯ್ ಎನ್ನುವ ಮಂದ್ರವೇ ತುಂಬಿ ಮಾತನ್ನು ನುಂಗುತ್ತದೆ.

ಇನ್ನು ನಮ್ಮ ಬೇಸಿಗೆ. ಏಪ್ರಿಲ್, ಹೊರಗೆ 42 ಡಿಗ್ರಿ, ಒಳಗೆ ಫ್ಯಾನ್ ಬಂದ್. ಕಂಡೆನ್ಸರ್ ಮೈಕ್ ಫ್ಯಾನಿನ ಗಾಳಿಯನ್ನು ಬಿಡದೆ ಹಿಡಿಯುತ್ತದೆ. ಬೆವರು ಗಿಟಾರಿನ ಮೇಲೆ ಬೀಳದಂತೆ ಮೊಣಕೈಗೆ ಟವೆಲ್ ಸುತ್ತಿಕೊಂಡಿದ್ದೆ, ನೋಡಿ. ಮನುಷ್ಯರು ತಡೆದುಕೊಳ್ಳಬಹುದು, ಮರಕ್ಕೆ ಕಷ್ಟ. ಗಿಟಾರಿಗೆ ಸುಮಾರು ಶೇ 45ರಿಂದ 55ರಷ್ಟು ತೇವಾಂಶದ ಗಾಳಿ ಹಿತ. ನಮ್ಮ ಒಣಹವೆಯಲ್ಲಿ ಕುತ್ತಿಗೆಯ ಮರ ಕುಗ್ಗಿ, ಫ್ರೆಟ್ಟುಗಳ ತುದಿ ಹೊರಗೆ ಚಾಚಿ ಬೆರಳಿಗೆ ಗೀರುತ್ತವೆ. ಮೇಲಿನ ಹಲಗೆ ಕುಸಿದು ತಂತಿ ಕಿರಗುಡುತ್ತದೆ. ಬಿಸಿಲು ನಾಡಿನ ಗಿಟಾರಿಗರಿಗೆ ನನ್ನ ಉಪಾಯ ಇದು: ಪ್ಲಾಸ್ಟಿಕ್ ಸೋಪಿನ ಡಬ್ಬಿಗೆ ತೂತು ಕೊರೆದು, ಒಳಗೆ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜ್ ಇಟ್ಟು, ಗಿಟಾರಿನ ಪೆಟ್ಟಿಗೆಯಲ್ಲಿ ಇರಿಸಿ ಮುಚ್ಚಿ. ದಮ್ಮಡಿಯ ಚರ್ಮವೂ ಹಾಗೆಯೇ. ಮಳೆಗಾಲದಲ್ಲಿ ಸಡಿಲಾಗುತ್ತದೆ ಎಂದು ಬೆಂಕಿಗೆ ಹಿಡಿಯುತ್ತಾರೆ. ಈ ಬಿಸಿಲಲ್ಲಿ ಅದು ತಾನಾಗಿಯೇ ಬಿಗಿದು ಶ್ರುತಿ ಏರಿಬಿಡುತ್ತದೆ. ಕಾಕಾ ಒದ್ದೆ ಬಟ್ಟೆಯಿಂದ ಅದರ ಅಂಚನ್ನು ಒರೆಸುತ್ತಿರುವುದು ಇಲ್ಲಿ ಕಾಣುತ್ತಿದೆ.

ಆರನೆಯ ಹಾಡಿನಲ್ಲಿ ಗಿಟಾರೂ ಇಲ್ಲ. ಅವ್ವನ ರೊಟ್ಟಿಯ ಸದ್ದು ಮತ್ತು ನನ್ನ ದನಿ. ಜೋಳದ ಹಿಟ್ಟನ್ನು ನಾದಿ, ಉಂಡೆ ಮಾಡಿ, ಕೊಣಮಿಗೆಯ ಮೇಲೆ ಬಡಿಯಲು ಆರಂಭಿಸಿದಾಗ ಪೆಟ್ಟು ಗಟ್ಟಿ. ರೊಟ್ಟಿ ಅಗಲವಾದಂತೆ ಪೆಟ್ಟು ಹಗುರಾಗುತ್ತದೆ, ಅಂಚಿಗೆ ಬಂದಾಗ ಬೆರಳ ತುದಿಗಳಷ್ಟೇ ಬೀಳುತ್ತವೆ. ಆಮೇಲೆ ಹಂಚಿಗೆ ಹಾಕಿ ನೀರು ಸವರುವ ವಿರಾಮ. ಮತ್ತೆ ಹೊಸ ಉಂಡೆ. ನಾನು ಸಾಹಿತ್ಯವನ್ನು ಈ ಅಳತೆಗೆ ಬರೆದೆ: ಒಂದು ರೊಟ್ಟಿಗೆ ಒಂದು ನುಡಿ, ನೀರು ಸವರುವಾಗ ಪಲ್ಲವಿ. ಲಯ ಎಣಿಸುವ ಮೆಟ್ರೊನೋಮ್ ಹಾಕಲಿಲ್ಲ, ಹಾಕಿದ್ದರೆ ಅವ್ವನ ಕೈ ಅದಕ್ಕೆ ದುಡಿಯಬೇಕಾಗುತ್ತಿತ್ತು. ಅವ್ವ ಮಾತ್ರ ಸುಮ್ಮನೆ ತನ್ನ ಕೆಲಸ ಮಾಡಿದಳು, ನಾನು ಒಲೆಯ ಪಕ್ಕ ಕುಳಿತು ಹಾಡಿದೆ. ಆಲ್ಬಮಿನಲ್ಲಿ ನನಗೆ ಅತ್ಯಂತ ಹೆಮ್ಮೆಯ ಹಾಡು ಇದು.

ಇನ್ನೊಂದು ಹಾಡಿಗೆ ಪ್ರತಿಧ್ವನಿ ಎಷ್ಟು ಇರಬೇಕು ಎಂದು ತಿಳಿಯಲು ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಹೋಗಿದ್ದೆ. 1367ರಲ್ಲಿ ಕಟ್ಟಿದ್ದು, ತೆರೆದ ಅಂಗಳವೇ ಇಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದ ಕಟ್ಟಡ. ಆ ಅಗಲ ಕಮಾನುಗಳ ಕೆಳಗೆ ನಡೆದಾಗ ಹೆಜ್ಜೆಯ ಸದ್ದು ಎಷ್ಟು ಹೊತ್ತು ಉಳಿಯುತ್ತದೆ ಎಂದು ಕೇಳಿಸಿಕೊಂಡು ಬಂದು, ಮನೆಯಲ್ಲಿ ಅದೇ ಅಂದಾಜಿಗೆ ಹೊಂದಿಸಿದೆ.

ಸರಿ, ಕರೆಂಟ್ ಬೇಕಾದ ಹಾಡುಗಳು. ಒಂದರಲ್ಲಿ ಬಾಸ್ ಗಿಟಾರ್ ಇದೆ, ಬಸ್ ಪ್ರಯಾಣದ ಹಾಡು, ಅದಕ್ಕೆ ಕೆಳಗಿನಿಂದ ಒಂದು ತಳ್ಳು ಬೇಕಿತ್ತು. ಇನ್ನೊಂದು ಸಿಮೆಂಟ್ ಕಾರ್ಖಾನೆಯ ಹಾಡು. ವಾಡಿ, ಶಹಾಬಾದ್, ಸೇಡಂ ಕಡೆ ಬೆಳೆದವರಿಗೆ ಗೊತ್ತು, ಕಾರ್ಖಾನೆಯ ಮೊರೆತ ರಾತ್ರಿಯೂ ನಿಲ್ಲುವುದಿಲ್ಲ. ಆ ಹಾಡನ್ನು ಅಕೌಸ್ಟಿಕ್ ಗಿಟಾರಿನಲ್ಲಿ ಹಾಡಿದರೆ ಕಾರ್ಖಾನೆ ದೂರದ ಚಿತ್ರವಾಗಿ ಉಳಿಯುತ್ತಿತ್ತು. ಎಲೆಕ್ಟ್ರಿಕ್ ಗಿಟಾರನ್ನು ಆಂಪ್ಲಿಫೈಯರಿಗೆ ಜೋಡಿಸಿದಾಗ ಬರುವ ಆ ಗುಂಯ್ ಸದ್ದನ್ನು ಎಲ್ಲರೂ ತೆಗೆದುಹಾಕಲು ಒದ್ದಾಡುತ್ತಾರೆ. ನಾನು ಅದನ್ನೇ ಶ್ರುತಿ ಮಾಡಿಕೊಂಡೆ. ನಮ್ಮ ವಿದ್ಯುತ್ತಿನ ಕಂಪನ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲ. ಕೆಳಗಿನ ಜಿ ಸ್ವರ 49 ಹರ್ಟ್ಜ್. ಅಂದರೆ ಕರೆಂಟಿನ ಸದ್ದು ಜಿಗಿಂತ ತುಸು ಮೇಲೆ, ಅರ್ಧ ಸ್ವರದ ಸುಮಾರು ಮೂರನೆಯ ಒಂದು ಪಾಲಿನಷ್ಟು ಮೇಲೆ ನಿಲ್ಲುತ್ತದೆ. ಗಿಟಾರನ್ನೇ ಅಷ್ಟು ಏರಿಸಿದೆ. ಶ್ರುತಿ ಹೊಂದಿಸಲು ಬಳಸುವ ಎ ಸ್ವರ 440 ಹರ್ಟ್ಜ್ ಬದಲು 449. ಆಗ ಆ ಮೊರೆತ ತಂಬೂರಿಯ ಹಾಗೆ ಹಾಡಿನ ಕೆಳಗೆ ಹಾಸಿಕೊಂಡಿತು. ಕಾರ್ಖಾನೆಯಲ್ಲಿ ದುಡಿಯುವವರು ಹಾಡಬೇಕಾದರೆ ಆ ಸದ್ದಿನ ಮೇಲೆಯೇ ಹಾಡಬೇಕು, ಬೇರೆ ಶ್ರುತಿ ಅವರಿಗೆ ಯಾರು ಕೊಡುತ್ತಾರೆ?

ಸ್ನೇಹಿತರು ಈ ಹಾಡನ್ನು ಬಿಡು, ಆಲ್ಬಮ್ ಪೂರ್ತಿ ಒಂದೇ ಬಣ್ಣದಲ್ಲಿರಲಿ ಎಂದರು. ನಾನು ಒಪ್ಪಲಿಲ್ಲ. ಅದು ನಾಲ್ಕನೆಯದಾಗಿ, ತೊಗರಿ ಹಾಡಿನ ಬೆನ್ನಿಗೇ ಬರುತ್ತದೆ. ಹೊಲ ಮತ್ತು ಕಾರ್ಖಾನೆ ನಮ್ಮಲ್ಲಿ ಅಷ್ಟು ಹತ್ತಿರವೇ ಇವೆ.

ಸದ್ದಿನ ಮಟ್ಟದ ಬಗ್ಗೆ ಒಂದು ಮಾತು. ಮಾಸ್ಟರಿಂಗ್ ಮಾಡುವಾಗ, ಅಂದರೆ ಹಾಡಿಗೆ ಕೊನೆಯ ಹದ ಕೊಡುವಾಗ, ಎಲ್ಲವನ್ನೂ ಒತ್ತಿ ಜೋರು ಮಾಡುವ ರೂಢಿಯಿದೆ. ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಹಾಡು ಎಷ್ಟು ಜೋರು ಎಂದು ಅಳೆಯುವ ಮಾನ) ಮಟ್ಟದ ಹತ್ತಿರಕ್ಕೆ ತಂದು ಕೇಳಿಸುತ್ತದೆ, ಅದಕ್ಕಿಂತ ಜೋರಾಗಿದ್ದುದನ್ನು ತಗ್ಗಿಸುತ್ತದೆ. ಹಾಗಿದ್ದ ಮೇಲೆ ಅವ್ವನ ಬೆರಳ ತುದಿಯ ಸದ್ದನ್ನು ಹಿಂಡಿ ಏನು ಲಾಭ? ಮೆಲ್ಲಗಿದ್ದುದು ಮೆಲ್ಲಗೇ ಇದೆ. ದಯವಿಟ್ಟು ಇಯರ್‌ಫೋನ್ ಹಾಕಿಕೊಂಡು ಕೇಳಿ. ಮೊದಲ 30 ಸೆಕೆಂಡಿನೊಳಗೆ ಕೇಳುಗರನ್ನು ಹಿಡಿಯಬೇಕು, ಅಷ್ಟು ಕೇಳಿದರಷ್ಟೇ ಸ್ಪಾಟಿಫೈಯಲ್ಲಿ ಲೆಕ್ಕಕ್ಕೆ ಬರುತ್ತದೆ ಎಂದು ಹಲವರು ಎಚ್ಚರಿಸಿದ್ದಾರೆ. ಬಾವಿಯ ಹಾಡು ಏಕತಾರಿಯೊಂದರಿಂದಲೇ ಒಂದು ನಿಮಿಷ ಸಾಗುತ್ತದೆ. ಅದನ್ನು ಕತ್ತರಿಸುವ ಮನಸ್ಸು ನನಗೆ ಬರಲಿಲ್ಲ.

ಮುಂದಿನ ವಿಡಿಯೊದಲ್ಲಿ ತೊಗರಿ ಹಾಡನ್ನು ಬಿಡಿಸಿ ಕಲಿಸುತ್ತೇನೆ. ತಂತಿಗಳನ್ನು ಡಿ, ಎ, ಡಿ, ಜಿ, ಎ, ಡಿಗೆ ಇಳಿಸಿಕೊಂಡು ಕುಳಿತಿರಿ. ಸೋಪಿನ ಡಬ್ಬಿಗೆ ತೂತು ಕೊರೆಯುವುದು ಬಾಕಿಯಿದ್ದರೆ ಅದನ್ನೂ ಅಷ್ಟರಲ್ಲಿ ಮುಗಿಸಿಕೊಳ್ಳಿ.